ಪಿಯಾನಿಸ್ಟ್ ಆಗಬೇಕಿದ್ದ ನಮ್ಮ ಮಹಾರಾಜರು: ಖಿದಿರ್‌ಪುರದಿಂದ ಒಂದಷ್ಟು ಮಾತು

ಈ ವಾರದ ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದು ಹಾಕ್ತಾ ಇದ್ದೀನಿ. ಮಾತಿನ ಮಧ್ಯೆ ಎರಡು ಸಲ ಹಡಗಿನ ಹಾರ್ನ್ ಬಂತು, ಒಂದು ಸಲ ಕುಕ್ಕರ್ ಕೂಗಿತು. ಓದೋರಿಗೆ ಆ ಕಾಟ ಇಲ್ಲ. ಅವಸರದಲ್ಲಿ ಬಿಟ್ಟುಹೋಗಿದ್ದ ಕೆಲವು ಇಸವಿಗಳನ್ನೂ ಸೇರಿಸಿದ್ದೀನಿ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ನಾನು ಮೈಸೂರಿನವಳು. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡ್ತೀನಿ, ಮನೆ ಮಾತ್ರ ಕೋಲ್ಕತ್ತಾದ ಖಿದಿರ್‌ಪುರದಲ್ಲಿ. ನಮ್ಮ ಯಜಮಾನರದ್ದು ಹಡಗಿಗೆ ಸಂಬಂಧಪಟ್ಟ ಕೆಲಸ, ಹಾಗಾಗಿ ಡಾಕ್ ಹತ್ತಿರ ಇರಲೇಬೇಕು. ನಾನು ಸ್ಟ್ಯಾಂಡ್-ಅಪ್ ಮೀಟಿಂಗ್‌ನಲ್ಲಿ ಇರುವಾಗ ಹೊರಗೆ ಕಂಟೇನರ್ ಲಾರಿಗಳು ಸಾಲಾಗಿ ನಿಂತಿರ್ತವೆ. ಮೊದಲು ಇಲ್ಲಿಂದ ಎಸ್ಪ್ಲನೇಡ್‌ಗೆ ಮೈದಾನದ ಮಧ್ಯೆ 36ನೇ ನಂಬರಿನ ಟ್ರಾಮ್ ಓಡ್ತಿತ್ತಂತೆ. 2020ರ ಆಂಫಾನ್ ಚಂಡಮಾರುತದಲ್ಲಿ ನಿಂತಿದ್ದು, ನಾವು ಬರೋ ಹೊತ್ತಿಗೆ ಹಳಿ ಮಾತ್ರ ಉಳಿದಿತ್ತು.

ನನ್ನ ಮಗಳು ಈಗ ಹತ್ತನೇ ಕ್ಲಾಸು. ಐದು ವರ್ಷದಿಂದ ಪಿಯಾನೋ ಕಲೀತಿದ್ದಾಳೆ. ನಮ್ಮ ಬೀದಿಯಿಂದ ಎರಡು ಬೀದಿ ಆಚೆ ಒಬ್ಬರು ವಯಸ್ಸಾದ ಆಂಗ್ಲೋ-ಇಂಡಿಯನ್ ಮಿಸ್ ಹೇಳಿಕೊಡ್ತಾರೆ. ಊರು ಬಿಟ್ಟು ಹೊರಟಿದ್ದ ಒಂದು ಕುಟುಂಬದಿಂದ ಹಳೇ ಅಪ್‌ರೈಟ್ ಪಿಯಾನೋ ಕೊಂಡ್ವಿ. ಬೆಲೆಗಿಂತ ಅದನ್ನು ಎರಡನೇ ಮಹಡಿಗೆ ಹತ್ತಿಸಿದ ಕೂಲಿಯೇ ನನಗೆ ಇವತ್ತಿಗೂ ನೆನಪಿದೆ. ಈ ವರ್ಷ ಸಮಸ್ಯೆ ಏನಾಯ್ತು ಅಂದ್ರೆ, ಎಂಟನೇ ಗ್ರೇಡಿನ ಪರೀಕ್ಷೆ ಮತ್ತು ಶಾಲೆಯ ಪ್ರಿಲಿಮ್ಸ್ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬಂದಿವೆ. ಅದರ ಮೇಲೆ ಎಂಟ್ರೆನ್ಸ್ ಕೋಚಿಂಗು. "ಒಂದು ವರ್ಷ ಪಿಯಾನೋ ಮುಚ್ಚಿಡೋಣ ಪುಟ್ಟಿ, ಆಮೇಲೆ ನೋಡೋಣ" ಅಂದೆ. ಅವಳು ಜಗಳ ಆಡಲಿಲ್ಲ. "ನೀನೂ ಹಾಗೇ ಅಂದ್ಕೊಂಡು ತಾನೇ ವೀಣೆ ಮುಚ್ಚಿಟ್ಟಿದ್ದು, ಅಮ್ಮ?" ಅಂದಳು. ಅಷ್ಟೇ.

ನಿಜ. ನಾನು ಸಿಇಟಿ ವರ್ಷ ವೀಣೆಗೆ ಗವುಸು ಹಾಕಿದ್ದು, ಇವತ್ತಿಗೂ ಕೃಷ್ಣಮೂರ್ತಿಪುರಂ ಮನೆಯಲ್ಲಿ ಅದು ಹಾಗೇ ಇದೆ. ಇದನ್ನು ಓದುವ ನಿಮ್ಮಲ್ಲಿ ಎಷ್ಟೋ ಜನ ಇಂಥದ್ದೇ ಒಂದು ಗವುಸು ಹಾಕಿ ಪುಣೆ, ಹೈದರಾಬಾದ್, ಡಲ್ಲಾಸ್ ಅಂತ ಹೊರಟವರು ಅನ್ನೋದೂ ಗೊತ್ತು.

ಹಾಗಾದ್ರೆ ಕಾನ್ಸರ್ಟ್ ಪಿಯಾನಿಸ್ಟ್ ಆಗೋದು ಅಂದ್ರೆ ಏನು ಅಂತ ಸ್ವಲ್ಪ ಓದಿಕೊಂಡೆ. ಪರೀಕ್ಷೆಯ ಲೆಕ್ಕ ಸುಲಭ. ಒಂದರಿಂದ ಎಂಟರವರೆಗೆ ಗ್ರೇಡು, ಅದಾದ ಮೇಲೆ ಅಸೋಸಿಯೇಟ್, ಲೈಸೆನ್ಷಿಯೇಟ್, ಫೆಲೋ ಅಂತ ಡಿಪ್ಲೊಮಾಗಳು. ಲಂಡನ್ನಿನ ಟ್ರಿನಿಟಿಯಂಥ ಸಂಸ್ಥೆಗಳು ಇವನ್ನು ನಡೆಸುತ್ತವೆ; ಪರೀಕ್ಷಕರು ಇಲ್ಲಿಗೇ ಬರ್ತಾರೆ. ಕೋಲ್ಕತ್ತಾದಲ್ಲಿ ಇದಕ್ಕೊಂದು ಗಟ್ಟಿ ಪರಂಪರೆ ಇದೆ, ಕ್ಯಾಲ್ಕಟಾ ಸ್ಕೂಲ್ ಆಫ್ ಮ್ಯೂಸಿಕ್ ಶುರುವಾಗಿದ್ದೇ 1915ರಲ್ಲಿ. ಆದರೆ ಲೈಸೆನ್ಷಿಯೇಟ್ ಪಾಸಾದವರೆಲ್ಲ ಕಾನ್ಸರ್ಟ್ ಪಿಯಾನಿಸ್ಟ್ ಆಗಲ್ಲ. ನಮ್ಮಲ್ಲಿ ವಿದ್ವತ್ ಪಾಸು ಮಾಡೋದು ಬೇರೆ, ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಿ ಕೂತು ಮೂರು ಗಂಟೆ ಕಚೇರಿ ಮಾಡೋದು ಬೇರೆ, ಹಾಗೆ. ಆರೇಳು ವರ್ಷಕ್ಕೆ ಶುರು ಮಾಡಬೇಕು, ಹದಿಹರೆಯದಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕೂರಬೇಕು, ಇಪ್ಪತ್ತರ ಆಸುಪಾಸಿನಲ್ಲಿ ದೊಡ್ಡ ಗುರುಗಳ ಹತ್ತಿರ ಹೋಗಿ ಇಡೀ ಇಡೀ ಕಾನ್ಸರ್ಟೊಗಳನ್ನು ಪುಸ್ತಕ ನೋಡದೆ ನುಡಿಸುವಷ್ಟು ಸಂಗ್ರಹ ಮಾಡ್ಕೋಬೇಕು. ಆಮೇಲೆ ಊರಿಂದ ಊರಿಗೆ ಪ್ರಯಾಣ, ಪ್ರತಿ ಊರಲ್ಲೂ ಬೇರೆ ಪಿಯಾನೋ. ಪಿಟೀಲಿನವರು ತಮ್ಮ ವಾದ್ಯ ಹೊತ್ತುಕೊಂಡು ಹೋಗ್ತಾರೆ, ಪಿಯಾನೋದವರು ಸಿಕ್ಕಿದ್ದಕ್ಕೆ ಹೊಂದಿಕೊಳ್ಳಬೇಕು. ಈ ದಾರಿಯಲ್ಲಿ ಇಪ್ಪತ್ತೊಂದನೇ ವರ್ಷ ತುಂಬಾ ಮುಖ್ಯ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ.

ವಾದ್ಯದ ಬಗ್ಗೆಯೂ ಒಂದು ಮಾತು. 88 ಕೀಗಳ ಹಿಂದೆ ಸುಮಾರು 230 ತಂತಿಗಳು, ಎಲ್ಲಾ ಸೇರಿ ಹೆಚ್ಚುಕಡಿಮೆ 20 ಟನ್ ಎಳೆತ. ಅದನ್ನು ತಡೆದುಕೊಳ್ಳೋಕೆ ಒಳಗೆ ಎರಕದ ಕಬ್ಬಿಣದ ಚೌಕಟ್ಟು. ಹೊಡೆಯುವ ಸುತ್ತಿಗೆಗಳಿಗೆ ಉಣ್ಣೆಯ ಫೆಲ್ಟ್. ಖಿದಿರ್‌ಪುರದ ಮಳೆಗಾಲದಲ್ಲಿ ಆ ಫೆಲ್ಟೂ ಮರವೂ ತೇವ ಹೀರಿಕೊಂಡು ಊದಿಕೊಳ್ತವೆ, ಒತ್ತಿದ ಕೀ ಮೇಲಕ್ಕೇ ಬರಲ್ಲ. ನಮ್ಮ ಟ್ಯೂನರ್ ದಾದಾ ಹೇಳಿಕೊಟ್ಟ ಉಪಾಯ: ಪಿಯಾನೋದ ಕೆಳಭಾಗದಲ್ಲಿ ಹಳೇ ಕಾಲದ ತಂತಿ ಬಲ್ಬು ಒಂದು ಸದಾ ಉರೀತಾ ಇರಬೇಕು, ಆ ಬಿಸಿಗೆ ತೇವ ಆರುತ್ತೆ. ಜುಲೈನಿಂದ ನಮ್ಮ ಹಾಲ್‌ನಲ್ಲಿ ರಾತ್ರಿಯಿಡೀ ಪಿಯಾನೋ ಒಳಗಿಂದ ಮಂಕು ಬೆಳಕು. ಮೊದಲ ಸಲ ನೋಡಿದ ನಮ್ಮ ಅತ್ತೆ "ಇದಕ್ಕೂ ನಂದಾದೀಪವೇನೇ?" ಅಂದಿದ್ರು.

ಈಗ ಮಹಾರಾಜರ ಕಥೆಗೆ ಬರ್ತೀನಿ. ಅದಕ್ಕೆ ಖಿದಿರ್‌ಪುರದ ಸೇತುವೆಯಿಂದಲೇ ಹೊರಡಬೇಕು. ಈ ಸೇತುವೆ ಕೆಳಗೆ ಆದಿಗಂಗಾ ಹರಿಯುತ್ತೆ, ಟಾಲಿ ನಾಲೆ ಅಂತಲೂ ಕರೀತಾರೆ. ಈಗ ಅದು ಕಪ್ಪು ನೀರಿನ ಕಾಲುವೆ. ಉಬ್ಬರ ಬಂದಾಗ ಮೇಲಕ್ಕೆ, ಇಳಿತಕ್ಕೆ ಕೆಳಕ್ಕೆ. ಸ್ವಲ್ಪ ಮುಂದೆ ಹೇಸ್ಟಿಂಗ್ಸ್ ಹತ್ತಿರ ಹೂಗ್ಲಿ ಸೇರುತ್ತೆ. ಅದೇ ನೀರಿನ ಗುಂಟ ಹಿಂದಕ್ಕೆ, ಕಾಳಿಘಾಟ್ ದಾಟಿ ಹೋದ್ರೆ ಕೇವಡಾತಲಾ ಸ್ಮಶಾನ. ಅದರ ಪಕ್ಕದಲ್ಲಿ ಮೈಸೂರು ಗಾರ್ಡನ್ ಅಂತ ಒಂದು ಜಾಗ, ದಕ್ಷಿಣದ ಶೈಲಿಯ ಗುಡಿ. ಬಂಗಾಳದ ಸ್ಮಶಾನದ ಪಕ್ಕದಲ್ಲಿ ಮೈಸೂರಿನ ಹೆಸರು ಯಾಕೆ? ಹತ್ತನೇ ಚಾಮರಾಜೇಂದ್ರ ಒಡೆಯರು ಕಲ್ಕತ್ತಾಕ್ಕೆ ಬಂದಿದ್ದಾಗ ಗಂಟಲುಮಾರಿ ಬಂದು 1894ರ ಡಿಸೆಂಬರ್ 28ರಂದು ಇಲ್ಲೇ ತೀರಿಕೊಂಡರು. ವಯಸ್ಸು ಇನ್ನೂ 31. ಅವರು ಸ್ವತಃ ಪಿಟೀಲು ನುಡಿಸ್ತಿದ್ದವರು. (ಮೈಸೂರಿಗೂ ಈ ಊರಿಗೂ ಇನ್ನೊಂದು ನಂಟಿದೆ. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿನ ದಂಗೆಯ ನಂತರ ತಂದು ಇರಿಸಿದ್ದು ಇದೇ ಟಾಲಿಗಂಜ್‌ನಲ್ಲಿ. ಅದು ಇನ್ನೊಂದು ವಿಡಿಯೋಗೆ.)

ಚಾಮರಾಜೇಂದ್ರರ ಹಿರಿಯ ಮಗ ನಾಲ್ವಡಿ ಕೃಷ್ಣರಾಜ ಒಡೆಯರು. ಕಿರಿಯ ಮಗ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಯುವರಾಜರ ಮಗನೇ 1919ರ ಜುಲೈ 18ರಂದು ಹುಟ್ಟಿದ ಜಯಚಾಮರಾಜೇಂದ್ರ ಒಡೆಯರು.

ಅರಮನೆಯಲ್ಲಿ ಆಗ ಎರಡೂ ಸಂಗೀತ ಇತ್ತು. ಒಂದು ಕಡೆ ವೀಣೆ ಶೇಷಣ್ಣನವರ ಪರಂಪರೆ, ವಾಸುದೇವಾಚಾರ್ಯರು. ಇನ್ನೊಂದು ಕಡೆ ಪಾಶ್ಚಾತ್ಯ ವಾದ್ಯವೃಂದ, ಅದನ್ನು ನಡೆಸೋಕೆ ಆಟೋ ಶ್ಮಿಟ್ ಅನ್ನೋ ಜರ್ಮನ್ನರು. ಹುಡುಗ ಹಿಡಿದಿದ್ದು ಪಿಯಾನೋ. ಅದು ರಾಜಕುಮಾರರ ಶೋಕಿ ಆಗಿರಲಿಲ್ಲ. ಕಾನ್ಸರ್ಟ್ ಪಿಯಾನಿಸ್ಟ್ ಆಗಬೇಕು ಅನ್ನೋದು ಅವರ ನಿಜವಾದ ಆಸೆ. 1938ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿ, ಅದೂ ಚಿನ್ನದ ಪದಕಗಳ ಜೊತೆ. 1939ರಲ್ಲಿ ಯೂರೋಪ್ ಪ್ರವಾಸ, ಲಂಡನ್ನಿನಲ್ಲಿ ಕಲಾವಿದರ ಪರಿಚಯ. ಆಗ ಅವರಿಗೆ ಇಪ್ಪತ್ತು.

ಆಮೇಲೆ 1940. ಮಾರ್ಚ್ 11ಕ್ಕೆ ತಂದೆ ಹೋದರು. ಆಗಸ್ಟ್ 3ಕ್ಕೆ ದೊಡ್ಡಪ್ಪ ನಾಲ್ವಡಿಯವರು ಹೋದರು. ಸೆಪ್ಟೆಂಬರ್ 8ಕ್ಕೆ ಪಟ್ಟಾಭಿಷೇಕ. ಆರು ತಿಂಗಳಲ್ಲಿ ಎಲ್ಲ ಮುಗಿದು ಎಲ್ಲ ಶುರುವಾಯ್ತು. ವಯಸ್ಸು ಇಪ್ಪತ್ತೊಂದು.

ರಾಜ ಅಂದಮೇಲೆ ಏನು ಬೇಕಾದ್ರೂ ಮಾಡಬಹುದು ಅಂದ್ಕೊಳ್ತೀವಿ. ಆದರೆ ದಸರಾ ಬಿಟ್ಟು ಬರ್ಲಿನ್‌ನಲ್ಲೋ ಲಂಡನ್‌ನಲ್ಲೋ ಟಿಕೆಟ್ ಇಟ್ಟು ಪಿಯಾನೋ ನುಡಿಸೋದು ಮಾತ್ರ ಆಗದ ಮಾತು. ಆ ಮನುಷ್ಯ ಪಿಯಾನೋ ಮುಚ್ಚಿಡಲೂ ಇಲ್ಲ. 1945ರ ಹೊತ್ತಿಗೆ ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲ್ ಆಫ್ ಮ್ಯೂಸಿಕ್‌ನ ಲೈಸೆನ್ಷಿಯೇಟ್ ಆದರು, ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆದರು. ಅಂದ್ರೆ ಯುದ್ಧಕಾಲದಲ್ಲಿ, ಒಂದು ಸಂಸ್ಥಾನದ ಜವಾಬ್ದಾರಿ ಹೊತ್ತುಕೊಂಡೇ. ಫೆಲೋ ಅನ್ನೋದು ಗೌರವ, ಬಿಡಿ, ರಾಜರಿಗೆ ಕೊಡ್ತಾರೆ. ಮೇಲಿಂದ ಬರೋ ಅಂಥ ಬಿರುದಿಗಿಂತ ಲೈಸೆನ್ಷಿಯೇಟ್ ನನಗೆ ಹೆಚ್ಚು ಇಷ್ಟ ಆಗೋದು.

ಇನ್ನು ಈ ಕಥೆಯ ಇನ್ನೊಬ್ಬ ಪಿಯಾನಿಸ್ಟ್. ನಿಕೊಲಾಯ್ ಮೆಟ್ನರ್. ಮಾಸ್ಕೋದಲ್ಲಿ 1880ರ ಜನವರಿಯಲ್ಲಿ ಹುಟ್ಟಿದವರು, ಮಾಸ್ಕೋ ಕನ್ಸರ್ವೇಟರಿಯಲ್ಲಿ ಓದಿ 1900ರಲ್ಲಿ ಹೊರಬಂದವರು. ಗೆಳೆಯ ಯಾರು ಗೊತ್ತಾ? ರಖ್ಮನಿನೊಫ್. ಆತ ತನ್ನ ನಾಲ್ಕನೇ ಪಿಯಾನೋ ಕಾನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದ, ಮೆಟ್ನರ್ ತನ್ನ ಎರಡನೆಯದನ್ನು ಆತನಿಗೆ. ಇಬ್ಬರೂ ಕ್ರಾಂತಿಯ ನಂತರ ರಷ್ಯಾ ಬಿಟ್ಟರು. ರಖ್ಮನಿನೊಫ್ ಅಮೆರಿಕಕ್ಕೆ ಹೋಗಿ, ಸೀಸನ್ನಿಗೆ ಹತ್ತಾರು ಕಚೇರಿ ಮಾಡುತ್ತಾ ಹೆಸರು ದುಡ್ಡು ಎರಡೂ ಮಾಡಿದ. ಮೆಟ್ನರ್‌ಗೆ ಆ ಓಡಾಟ ಒಗ್ಗಲಿಲ್ಲ. ಕೈ ಚೆನ್ನಾಗಿತ್ತು, ಆದರೆ ಆತನಿಗೆ ಬೇಕಿದ್ದಿದ್ದು ಬರೆಯೋದು, ಅದೂ ಹಳೇ ದಾರಿಯಲ್ಲೇ ಬರೆಯೋದು. 1921ರಲ್ಲಿ ರಷ್ಯಾ ಬಿಟ್ಟು ಜರ್ಮನಿ, ಫ್ರಾನ್ಸ್ ಎಲ್ಲ ಸುತ್ತಿ, 1930ರ ದಶಕದ ಮಧ್ಯದಲ್ಲಿ ಲಂಡನ್ ಸೇರಿದರು. ಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರ್ತಿದ್ದ ಆದಾಯ ನಿಂತುಹೋಯ್ತು. 1942ರಲ್ಲಿ ಹೃದಯಾಘಾತ. ಆ ಸ್ಥಿತಿಯಲ್ಲೇ ಮೂರನೇ ಕಾನ್ಸರ್ಟೊ ಬರೆದು ಮುಗಿಸಿ, 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾವೇ ನುಡಿಸಿದರು.

ಕಾನ್ಸರ್ಟ್ ಪಿಯಾನಿಸ್ಟರ ಬದುಕಿನ ಇನ್ನೊಂದು ಮುಖ ಇದು. ಯಾರೂ ಅಡ್ಡ ಬರಲಿಲ್ಲ, ಗುರುಗಳು ಸಿಕ್ಕರು, ಪದಕ ಬಂತು, ಬದುಕಿಡೀ ನುಡಿಸಿದರು. ಆದರೂ ಅರವತ್ತೈದರ ಹೊತ್ತಿಗೆ ಲಂಡನ್ನಿನಲ್ಲಿ ಪಾಠ ಹೇಳಿಕೊಂಡು, ಕಾಯಿಲೆ ಮೈಯಲ್ಲಿ, ತಮ್ಮ ಸಂಗೀತ ತಮ್ಮ ಜೊತೆಗೇ ಹೋಗುತ್ತೇನೋ ಅನ್ನೋ ಪರಿಸ್ಥಿತಿ.

ಆಗ ಮೈಸೂರಿನಿಂದ ದುಡ್ಡು ಬಂತು. ಜಯಚಾಮರಾಜೇಂದ್ರರು ಮೆಟ್ನರ್ ಸಂಗೀತದ ದೊಡ್ಡ ಅಭಿಮಾನಿ. ಅವರ ನೆರವಿನಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಆಯ್ತು. ಎಚ್‌ಎಂವಿ ಧ್ವನಿಮುದ್ರಿಸಿಕೊಂಡಿತು. 1947ರಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮೂರೂ ಪಿಯಾನೋ ಕಾನ್ಸರ್ಟೊ, ಜೊತೆಗೆ ಬಿಡಿ ಕೃತಿಗಳು, ಹಾಡುಗಳು. ಮೆಟ್ನರ್ ತಮ್ಮ ಮೂರನೇ ಕಾನ್ಸರ್ಟೊವನ್ನು ಅರ್ಪಿಸಿರೋದು ಮೈಸೂರು ಮಹಾರಾಜರಿಗೆ. ಇವತ್ತು ಮಾಸ್ಕೋದಲ್ಲಿ ಯಾರೋ ಆ ಸ್ವರಲಿಪಿ ತೆರೆದ್ರೂ ಅಲ್ಲಿ ಮೈಸೂರಿನ ಹೆಸರಿರುತ್ತೆ.

ಆ ಧ್ವನಿಮುದ್ರಣದ ಕಷ್ಟ ನಮಗೆ ಸುಲಭಕ್ಕೆ ಅರ್ಥ ಆಗಲ್ಲ. ಆಗಿನದು ನಿಮಿಷಕ್ಕೆ 78 ಸುತ್ತಿನ ರೆಕಾರ್ಡು. ಒಂದು ಮುಖಕ್ಕೆ ನಾಲ್ಕೂವರೆ ನಿಮಿಷದಷ್ಟೇ ಹಿಡಿಸೋದು. ಮೂರನೇ ಕಾನ್ಸರ್ಟೊ ಸುಮಾರು 35 ನಿಮಿಷ. ಅಂದ್ರೆ ಎಂಟೊಂಬತ್ತು ತುಂಡು. ಇಡೀ ಆರ್ಕೆಸ್ಟ್ರಾ ನಡುವೆ ನಿಲ್ಲಿಸಬೇಕು, ಮತ್ತೆ ಅದೇ ವೇಗ, ಅದೇ ಭಾವದಲ್ಲಿ ಶುರು ಮಾಡಬೇಕು. ಒಂದು ತಪ್ಪಾದ್ರೆ ಆ ಮುಖ ಇಡೀ ಮತ್ತೆ ಮಾಡಬೇಕು, ಕತ್ತರಿಸಿ ಅಂಟಿಸೋ ಹಾಗಿಲ್ಲ. ಕೂತಿದ್ದಿದ್ದು 67 ವರ್ಷದ ಹೃದ್ರೋಗಿ. ಕೇಳಿದ್ರೆ ಅದು ಗೊತ್ತೇ ಆಗಲ್ಲ. ನಾನು ಮೊದಲ ಸಲ ಕೇಳಿದ್ದು ಡಿಪ್ಲಾಯ್‌ಮೆಂಟ್ ಮುಗಿಯಲಿ ಅಂತ ಕಾಯ್ತಾ ರಾತ್ರಿ ಎರಡು ಗಂಟೆಗೆ, ಹೆಡ್‌ಫೋನ್‌ನಲ್ಲಿ. ಚರಚರ ಸದ್ದಿನ ಹಿಂದೆ ಎಡಗೈ ನಡೆಯೋ ರೀತಿ ಎಷ್ಟು ನಿರಾಳ ಅಂದ್ರೆ, ಆ ರಾತ್ರಿ ಮೂರು ಸಲ ಕೇಳಿದೆ. ಸಿಡಿ ಆಗಿಯೂ ಬಂದಿವೆ, ಯೂಟ್ಯೂಬ್‌ನಲ್ಲೂ ಸಿಗುತ್ತವೆ, ಹುಡುಕಿ. 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲೇ ತೀರಿಕೊಂಡರು. ಆಗ ಆ ಹಣ ಬರದೇ ಇದ್ದಿದ್ರೆ ಅವರ ಕಾನ್ಸರ್ಟೊಗಳನ್ನು ಅವರದೇ ಕೈಯಲ್ಲಿ ಕೇಳುವ ಭಾಗ್ಯ ನಮಗೆ ಇರ್ತಿರಲಿಲ್ಲ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಫಿಲ್‌ಹಾರ್ಮೋನಿಯಾ ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೇ ಬಂದರು. ಅರಮನೆಯಲ್ಲಿ ಸಾವಿರಾರು ರೆಕಾರ್ಡುಗಳ ಸಂಗ್ರಹ, ಬಗೆಬಗೆಯ ಲೌಡ್‌ಸ್ಪೀಕರ್‌ಗಳು, ಒಂದಲ್ಲ ಹಲವು ಗ್ರ್ಯಾಂಡ್ ಪಿಯಾನೋಗಳನ್ನು ನೋಡಿ ಬೆರಗಾದರು. ಮಹಾರಾಜರು ಆರ್ಕೆಸ್ಟ್ರಾ ನಿಲ್ಲೋಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ನಮ್ಮ ಮೈಸೂರಿನವರೇ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ಆಯ್ತಲ್ಲ, ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್, ಅದಕ್ಕೂ ಹಣದ ಖಾತರಿ ನಿಂತವರು ಇವರೇ. ಸ್ಟ್ರಾಸ್ ಅದನ್ನು ಕೇಳದೆ ಹಿಂದಿನ ವರ್ಷವೇ ಹೋಗಿಬಿಟ್ಟಿದ್ದ. ಕಚೇರಿಯ ಧ್ವನಿಮುದ್ರಣ ಹಡಗೇರಿ ಮೈಸೂರಿಗೆ ಹೊರಟಿತು.

ಇಲ್ಲಿ ನನಗೊಂದು ತಕರಾರಿದೆ, ಹೇಳಿಬಿಡ್ತೀನಿ. ಆಗ ಪೌಂಡಿಗೆ 13 ರೂಪಾಯಿ ಚಿಲ್ಲರೆ. 10,000 ಪೌಂಡ್ ಅಂದ್ರೆ ವರ್ಷಕ್ಕೆ ಸುಮಾರು 1.33 ಲಕ್ಷ ರೂಪಾಯಿ. ರೇಷನ್ ಕಾಲ. ಅದೇ ಹೊತ್ತಿಗೆ ನಮ್ಮ ತಾತ ಮಳವಳ್ಳಿ ಕಡೆ ಪ್ರೈಮರಿ ಮೇಷ್ಟರಾಗಿ ತಿಂಗಳಿಗೆ ಮೂವತ್ತು ಚಿಲ್ಲರೆ ತಗೊಳ್ತಿದ್ರು. ಅರಮನೆಯ ದುಡ್ಡು ಅಂದ್ರೂ ಅದು ಬಂದಿದ್ದು ಇಂಥವರ ಬೆವರಿಂದಲೇ. ಲಂಡನ್ನಿನ ಆರ್ಕೆಸ್ಟ್ರಾ ಬದುಕೋಕೆ ಮಂಡ್ಯದ ಕಂದಾಯ ಯಾಕೆ ಅಂತ ಯಾರಾದ್ರೂ ಕೇಳಿದ್ರೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಮೆಟ್ನರ್ ರೆಕಾರ್ಡ್ ಕೇಳುವಾಗ ಮಾತ್ರ ಆ ಪ್ರಶ್ನೆ ಮರೆತುಹೋಗುತ್ತೆ, ಅದೂ ನಿಜ.

ಮತ್ತೆ, ಅವರ ಸ್ವಂತ ಸಂಗೀತ ಎಲ್ಲಿಗೆ ಹೋಯ್ತು? ಕರ್ನಾಟಕ ಸಂಗೀತಕ್ಕೆ. ವೀಣೆ ವೆಂಕಟಗಿರಿಯಪ್ಪನವರ ಹತ್ತಿರ ವೀಣೆ ಕಲಿತರು, ಶ್ರೀವಿದ್ಯಾ ಉಪಾಸಕರಾದರು, ಸಂಸ್ಕೃತದಲ್ಲಿ ಕೃತಿ ರಚಿಸಿದರು. ಸಿಕ್ಕಿರೋ 94 ಕೃತಿಗಳು ಅಚ್ಚಾಗಿವೆ, ಅಂಕಿತ ಶ್ರೀವಿದ್ಯಾ. ಅಠಾಣದ ಮಹಾಗಣಪತಿ ಕೃತಿ, ಗಂಭೀರನಾಟದ ಜಾಲಂಧರ ಕೃತಿ ನೀವೆಲ್ಲ ರಾಮೋತ್ಸವದಲ್ಲಿ ಕೇಳೇ ಇರ್ತೀರಿ, ಬರೆದವರು ಯಾರು ಅಂತ ಗೊತ್ತಿಲ್ಲದೆ. ಜಾಲಂಧರ ಕೃತಿ ನಾನು ವೀಣೆ ಮುಚ್ಚಿಡೋ ಮೊದಲು ಕಲಿತ ಕೊನೆಯ ಪಾಠಗಳಲ್ಲಿ ಒಂದು. ಪಿಯಾನೋ ಕೂತು ಕಲಿತ ಕೈಗೂ ಆ ಕೃತಿಗಳಿಗೂ ಸಂಬಂಧ ಇದೆಯೇ? ಕೆಲವರು ಇದೆ ಅಂತಾರೆ. ನನಗೆ ಹಾಗೆ ಕೇಳಿಸಲ್ಲ. ಅವು ಅಪ್ಪಟ ದೀಕ್ಷಿತರ ದಾರಿಯವು. ಒಬ್ಬನೇ ಮನುಷ್ಯನಲ್ಲಿ ಎರಡು ಸಂಗೀತ ಒಂದರ ಮೇಲೊಂದು ಬೀಳದೆ ಇದ್ದವು ಅನ್ನೋದೇ ನನಗೆ ಹೆಚ್ಚು ಆಶ್ಚರ್ಯ. ಅವರ ತಂಗಿ ವಿಜಯಾದೇವಿಯವರೂ ಪಿಯಾನೋ, ವೀಣೆ ಎರಡೂ ಕಲಿತವರು. 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದರು. ಅದೇ ವರ್ಷ ಸೆಪ್ಟೆಂಬರ್ 23ರಂದು ಜಯಚಾಮರಾಜೇಂದ್ರರು ತೀರಿಕೊಂಡರು. ಮಹಾರಾಜ, ರಾಜಪ್ರಮುಖ, ಮೈಸೂರಿನ ರಾಜ್ಯಪಾಲ, ಮದರಾಸಿನ ರಾಜ್ಯಪಾಲ ಎಲ್ಲ ಆಗಿ, ವಯಸ್ಸು 55.

ಇದನ್ನೆಲ್ಲ ಹೋದ ಭಾನುವಾರ ಮಗಳಿಗೆ ಹೇಳಿದೆ. ಮೂರನೇ ಕಾನ್ಸರ್ಟೊ ಹಾಕಿದ್ವಿ. ಸುಮಾರು ನಾಲ್ಕು ನಿಮಿಷಕ್ಕೆ ಅವಳು ಕೈ ಎತ್ತಿದಳು. "ಇಲ್ಲಿ, ಅಮ್ಮ. ರೆಕಾರ್ಡ್ ತಿರುಗಿಸಿರೋದು ಇಲ್ಲೇ ಇರಬೇಕು." ಎರಡು ಸಲ ಹಿಂದಕ್ಕೆ ಓಡಿಸಿ ಕೇಳಿದ್ರೂ ನನಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಗಿತ್ತು.

ಕೋಚಿಂಗ್‌ನವರ ಹತ್ತಿರ ಮಾತಾಡಿ ಬುಧವಾರದ ಸಂಜೆ ಬ್ಯಾಚ್ ಬಿಡಿಸಿದ್ದೀವಿ, ಅವತ್ತು ಮಿಸ್ ಮನೆಗೆ. ಸಾಕಾಗುತ್ತೋ ಇಲ್ಲವೋ ಡಿಸೆಂಬರ್‌ನಲ್ಲಿ ಗೊತ್ತಾಗುತ್ತೆ. ಮಧ್ಯದ ಸಪ್ತಕದಲ್ಲಿ ಎರಡು ಕೀ ಮತ್ತೆ ಅಂಟಿಕೊಂಡಿವೆ, ಬಲ್ಬು ಸುಟ್ಟುಹೋಗಿತ್ತು. ತಂತಿ ಬಲ್ಬು ಈಗ ಎಲ್ಲಾ ಕಡೆ ಸಿಗಲ್ಲ. ಇವತ್ತು ಮೀಟಿಂಗ್ ಮುಗಿಸಿ ಫ್ಯಾನ್ಸಿ ಮಾರ್ಕೆಟ್ ಕಡೆ ಹೋಗಿ ಹುಡುಕಬೇಕು.